ಮಾಸ್ತರರ ಮನೆಯ ಇಪ್ಪತ್ತನಾಲ್ಕು ತಾಟು

ಹೊಳಬಸಪ್ಪ ಮಾಸ್ತರರ ತಲೆಯಲ್ಲಿ ದೊಡ್ಡ ವಿಚಾರಗಳು ಹುಟ್ಟುವುದು ಹೆಂಡತಿ ಊರಲ್ಲಿ ಇಲ್ಲದಾಗ ಮಾತ್ರ. ಆಕೆ ಇದ್ದಾಗ ಹುಟ್ಟುವುದೇ ಇಲ್ಲ ಎಂದಲ್ಲ. ಹುಟ್ಟಿದ್ದು ಬಾಯಿಗೆ ಬರುವಷ್ಟರಲ್ಲಿ ಇಂದ್ರಾಬಾಯಿ ‘ಬ್ಯಾಡ’ ಎಂದಿರುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಒಂದು ‘ಬ್ಯಾಡ’ ಎಷ್ಟು ಅನಾಹುತಗಳನ್ನು ತಪ್ಪಿಸಿತ್ತೋ ಯಾರಿಗೂ ತಿಳಿಯದು. ತಪ್ಪಿಹೋದ ಅನಾಹುತ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಗಂಡಂದಿರು ಅದರ ಉಪಕಾರ ನೆನೆಯುವುದೂ ಇಲ್ಲ.

ಎಪ್ಪತ್ತೆಂಟರ ಜನವರಿ. ಹುನಗುಂದದ ಕಡೆ ಮರೋಳದ ದಾರಿಯಲ್ಲಿರುವ ಒಂದು ಸಣ್ಣ ಊರಿನ ಶಾಲೆಗೆ ಒಂದು ಕೋಣೆ, ನಾಲ್ಕು ಇಯತ್ತೆ, ಇಪ್ಪತ್ತನಾಲ್ಕು ಮಕ್ಕಳು, ಒಬ್ಬರೇ ಮಾಸ್ತರರು. ಮುಖ್ಯೋಪಾಧ್ಯಾಯರು ಹೊಳಬಸಪ್ಪನವರು, ಅವರ ಕೈಕೆಳಗಿನ ಸಹಶಿಕ್ಷಕರೂ ಅವರೇ. ಹೀಗಾಗಿ ಶಾಲೆಯ ಸಿಬ್ಬಂದಿಯಲ್ಲಿ ಭಿನ್ನಾಭಿಪ್ರಾಯ ಎಂಬುದೇ ಇರಲಿಲ್ಲ.

ಮಧ್ಯಾಹ್ನ ರೇಣವ್ವ ಎಂಬಾಕೆ ಶಾಲೆಯ ಹಿಂದೆ ಮೂರು ಕಲ್ಲಿನ ಒಲೆ ಹೂಡಿ ಸರಕಾರದ ಹಳದಿ ರವೆಯ ಉಪ್ಪಿಟ್ಟು ಕುದಿಸುತ್ತಿದ್ದಳು. ರವೆಯೂ ಎಣ್ಣೆಯೂ ಹಡಗು ಹತ್ತಿ ಯಾವುದೋ ದೂರದ ದೇಶದಿಂದ ಬರುತ್ತಿದ್ದವು. ಅಷ್ಟು ಸಮುದ್ರ ದಾಟಿ ಬಂದ ಉಪ್ಪಿಟ್ಟಿಗೆ ಒಲೆಯಿಂದ ಮಕ್ಕಳ ಬಾಯಿಯವರೆಗಿನ ಕೊನೆಯ ನಾಲ್ಕು ಮಾರು ದಾಟಲು ಮಾತ್ರ ಪಾತ್ರೆಯಿರಲಿಲ್ಲ. ಮಕ್ಕಳು ಪಾಟಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಮುಂಜಾನೆ ಯಾವ ಪಾಟಿಯ ಮೇಲೆ ಅಕ್ಷರವೋ ಮಧ್ಯಾಹ್ನ ಅದೇ ಪಾಟಿಯ ಮೇಲೆ ಉಪ್ಪಿಟ್ಟು. ತಿಂದಾದ ಮೇಲೆ ನಾಲಿಗೆಯಿಂದ ಒರೆಸಿದರೆ ಪಾಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇದರಲ್ಲಿ ತಪ್ಪೇನಿದೆ ಎಂದು ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ತಾಲೂಕಿನಿಂದ ಉಪ್ಪಿಟ್ಟು ನೋಡಲು ಬಂದ ಸಾಹೇಬರಿಗೆ. ಅವರು ಎರಡನೆಯ ಇಯತ್ತೆಯ ಒಬ್ಬ ಹುಡುಗನನ್ನು ನಿಲ್ಲಿಸಿ, ಮುಂಜಾನೆ ಬರೆದ ಮೂರರ ಮಗ್ಗಿ ತೋರಿಸು ಎಂದರು.

“ಇಲ್ರಿ ಸರ್. ಉಪ್ಪಿಟ್ಟಿನ ಕೂಡ ಹೋತ್ರಿ.”

“ಎಲ್ಲಿ ಹೋತು?”

ಹುಡುಗ ಅಂಗಿ ಎತ್ತಿ ಹೊಟ್ಟೆ ತೋರಿಸಿದ.

ಮಾಸ್ತರರು ನಕ್ಕರು. ಸಾಹೇಬರು ನಗದೆ ಇದ್ದದ್ದನ್ನು ನೋಡಿ ನಗೆಯನ್ನು ಅರ್ಧಕ್ಕೇ ಮಡಚಿಟ್ಟುಕೊಂಡರು.

“ಮಾಸ್ತರ, ಬಳಪದ ಪುಡಿ ಮಕ್ಕಳ ಹೊಟ್ಟಿಗೆ ಹೋಗಾಕತ್ತೇತಿ. ಸಸಾರಜನಕ ಹೋಗಬೇಕಾದ ಜಾಗಾದಾಗ ಸುಣ್ಣ! ಬರೂ ಮಂಗಳವಾರ ಮತ್ತ ಬರ್ತೇನಿ. ಒಂದೊಂದು ಮಗುವಿಗೆ ಒಂದೊಂದು ತಾಟು ನನ್ನ ಕಣ್ಣಿಗೆ ಬೀಳಬೇಕು. ಇಲ್ಲಂದ್ರ ಈ ರವಾ, ಎಣ್ಣಿ ಬ್ಯಾರೆ ಊರಿಗೆ ಕಳಸೂದಾಗತೇತಿ, ನೋಡ್ರಿ.”

ಮಾಸ್ತರರಿಗೆ ನಿಜವಾಗಿ ಎದೆ ಒಡೆದದ್ದು ಈ ಕೊನೆಯ ಮಾತಿಗೆ. ಆ ಇಪ್ಪತ್ತನಾಲ್ಕರಲ್ಲಿ ಎಂಟು-ಹತ್ತು ಮಕ್ಕಳು ಶಾಲೆಗೆ ಬರುತ್ತಿದ್ದದ್ದು ಅಕ್ಷರಕ್ಕಲ್ಲ, ಉಪ್ಪಿಟ್ಟಿಗೆ. ಉಪ್ಪಿಟ್ಟು ನಿಂತರೆ ಆ ಮಕ್ಕಳು ಕುರಿಯ ಹಿಂದೆ ಹೋಗುತ್ತವೆ, ಇಲ್ಲವೇ ಇಳಕಲ್ಲಿನ ಕಲ್ಲುಗಣಿಗೆ ಅಪ್ಪ-ಅವ್ವನ ಬೆನ್ನು ಹತ್ತಿ ಹೋಗುತ್ತವೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಮನೆಮನೆ ತಿರುಗಿ ತಾಟು ಕೇಳಿದರು. ಸಿಕ್ಕ ಉತ್ತರವೆಲ್ಲ ಹುಚ್ಚವ್ವನ ಉತ್ತರದ ನಕಲೇ. ಹುಚ್ಚವ್ವನ ಮೊಮ್ಮಕ್ಕಳು ಮೂವರು ಶಾಲೆಯಲ್ಲಿದ್ದರು. ಊರಿನ ಯಾವ ಸುದ್ದಿಯೂ ಆಕೆಯ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ.

“ಮಾಸ್ತರ, ಮನಿಯಾಗ ಇರೂವು ಎರಡು ಗಂಗಾಳ. ಅವನ್ನ ಸಾಲಿಗೆ ಕಳಿಸಿ ನಾವೇನು ನೆಲದ ಮ್ಯಾಲ ಉಣ್ಣೂದೇನ್ರಿ? ನಾವು ರೊಟ್ಟಿ ಕೈಯಾಗ ಹಿಡದು, ಮ್ಯಾಲ ಪಲ್ಯಾ ಹಾಕ್ಕೊಂಡು ಉಂಡು ಬೆಳದೇವಿ. ನಿಮ್ಮ ಸಾಹೇಬಗ ಹೇಳ್ರಿ.”

ಸಾಹೇಬರಿಗೆ ಅದನ್ನು ಹೇಳುವ ಧೈರ್ಯವಿದ್ದಿದ್ದರೆ ಹೊಳಬಸಪ್ಪನವರು ಹೊಳಬಸಪ್ಪನವರಾಗಿರುತ್ತಿರಲಿಲ್ಲ.

ಇದೇ ಹೊತ್ತಿಗೆ ಇಂದ್ರಾಬಾಯಿ ಮಗಳನ್ನು ಕರೆದುಕೊಂಡು ಬದಾಮಿಗೆ, ತವರಿಗೆ ಹೊರಟಳು. ಬನಶಂಕರಿಗೆ ನೂರೆಂಟು ಪಲ್ಯ ಮಾಡುವ ಪಲ್ಯದ ಹಬ್ಬ ಹತ್ತಿರವಿತ್ತು. ತಾಯಿಗೆ ಕೈ ಸಾಲವು. ಮಗಳ ಮದುವೆ ವೈಶಾಖಕ್ಕೆ ಇಳಕಲ್ಲಿನ ಸೀರೆ ವ್ಯಾಪಾರದ ಮನೆತನದಲ್ಲಿ ಗೊತ್ತಾಗಿತ್ತು. ಅದಕ್ಕೂ ದೇವಿಗೆ ಕೈ ಮುಗಿಯಬೇಕಿತ್ತು. “ಶುಕ್ರವಾರ ಸಂಜಿ ಬಸ್ಸಿಗೆ ಬರ್ತೇನಿ. ಅಲ್ಲೀತನಕ ಮನಿಯಾಗ ಏನೂ ಮಾಡಬ್ಯಾಡ್ರಿ” ಎಂದು ಹೇಳಿ ಹೋದಳು. (ಬೇರೆ ಹೆಂಡಂದಿರು ಏನೇನು ಮಾಡಬೇಕು ಎಂದು ಹೇಳಿ ಹೋಗುತ್ತಾರೆ. ಇಂದ್ರಾಬಾಯಿಗೆ ಅನುಭವವಿತ್ತು.)

ಸೋಮವಾರ ಸಂಜೆ ಅಟ್ಟದ ಕಡೆ ನೋಡುತ್ತ ಒಣ ರೊಟ್ಟಿ ಮುರಿಯುತ್ತಿದ್ದ ಮಾಸ್ತರರ ತಲೆಯಲ್ಲಿ ಆ ದೊಡ್ಡ ವಿಚಾರ ಹುಟ್ಟಿತು. ಅಟ್ಟದ ಮೇಲೆ ಒಂದು ಟ್ರಂಕು. ಟ್ರಂಕಿನಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಸ್ಟೀಲಿನ ತಾಟುಗಳು, ಸರಿಯಾಗಿ ಇಪ್ಪತ್ತನಾಲ್ಕು. ಮಗಳ ಮದುವೆಯ ಊಟದ ಪಂಕ್ತಿಗೆಂದು ಇಂದ್ರಾಬಾಯಿಯ ಅಣ್ಣ ಹುಬ್ಬಳ್ಳಿಯಿಂದ ತರಿಸಿಕೊಟ್ಟದ್ದು. ಒಂದೊಂದರ ಅಂಚಿನ ಮೇಲೂ ‘ಸೌ. ಇಂದ್ರಾಬಾಯಿ ಹೊಳಬಸಪ್ಪ’ ಎಂದು ಕೊರೆಸಿತ್ತು. ಆ ಟ್ರಂಕಿಗೆ ಕೀಲಿ ಇರಲಿಲ್ಲ. ಇಂದ್ರಾಬಾಯಿಯ ಮಾತೇ ಕೀಲಿ. ಆಕೆಯೇ ಆ ತಾಟುಗಳನ್ನು ನೋಡಬೇಕೆನ್ನಿಸಿದರೆ ಕೈ ತೊಳೆದುಕೊಂಡು ನೋಡುತ್ತಿದ್ದಳು.

‘ಒಂದು ತಾಸಿನ ಮಾತು. ಸಾಹೇಬರು ನೋಡ್ತಾರ, ಹೋಗ್ತಾರ. ತೊಳದು ಒರಸಿ ಇಟ್ಟರ ಆತು’ ಎಂದು ಮಾಸ್ತರರು ತಮಗೆ ತಾವೇ ಹೇಳಿಕೊಂಡರು. ‘ಬ್ಯಾಡ’ ಎನ್ನಲು ಯಾರೂ ಇರಲಿಲ್ಲ.

ಮಂಗಳವಾರ ಮಕ್ಕಳು ಹೊಳೆಯುವ ತಾಟು ಮುಂದಿಟ್ಟುಕೊಂಡು ಸಾಲಾಗಿ ಕೂತರು. ಸಾಹೇಬರು ಬಂದರು, ಊರಿನ ತಂದೆತಾಯಿಗಳೂ ನೋಡಲು ಬಂದು ನಿಂತರು. ಸಾಹೇಬರ ಮುಖ ಅರಳಿತು. ಒಂದು ತಾಟು ಎತ್ತಿಕೊಂಡು ತಿರುಗಿಸಿದರು. ಅಂಚಿನ ಹೆಸರು ಕಣ್ಣಿಗೆ ಬಿತ್ತು. ಇನ್ನೊಂದನ್ನು ಎತ್ತಿದರು, ಅದರ ಮೇಲೂ ಅದೇ ಹೆಸರು.

ಗುಡಿಯ ಗಂಟೆ, ಶಾಲೆಯ ಗಡಿಯಾರ, ಬಸ್ ನಿಲ್ದಾಣದ ಕಲ್ಲಿನ ಬೆಂಚು, ಎಲ್ಲದರ ಮೇಲೂ ಕೊಟ್ಟವರ ಹೆಸರು ಓದಿ ಓದಿ ಸಾಹೇಬರಿಗೆ ರೂಢಿಯಾಗಿತ್ತು. ಅವರ ಕಣ್ಣು ಒದ್ದೆಯಾಯಿತು.

“ಮಾಸ್ತರ! ಇದು ನಿಮ್ಮ ಮನಿಯವರ ಹೆಸರೇನ್ರಿ?”

“ಹೌದ್ರಿ... ಅದು ಏನಂದ್ರ ಸಾಹೇಬ್ರ...”

“ಎಲ್ಲಿ ಅದಾರ ಅವರು?”

“ಬದಾಮಿಗೆ ಹೋಗ್ಯಾರ್ರಿ.”

“ದಾನಾ ಮಾಡಿ ಹೊಗಳಿಸಿಕೋಬಾರ್ದಂತ ಊರಽ ಬಿಟ್ಟು ಹೋಗ್ಯಾರ! ನೋಡ್ರಿ, ದೊಡ್ಡತನ ಅಂದ್ರ ಇದು!”

ಹೊಳಬಸಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಭಾಷಣಕ್ಕೆ ನಿಂತರು. ಮಕ್ಕಳ ಮೈಗೆ ಏನೇನು ಬೇಕು, ಎಲುಬಿಗೆ ಏನು, ಕಣ್ಣಿಗೆ ಏನು, ರಕ್ತಕ್ಕೆ ಏನು ಎಂದು ವಿವರಿಸಿ, ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಇಂದ್ರಾಬಾಯಿಯಂಥ ತಾಯಂದಿರು ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಒಂದೊಂದು ಮಗುವನ್ನು ಹೆಸರು ಹಿಡಿದು ಕರೆದು ತಮ್ಮ ಕೈಯಿಂದಲೇ ತಾಟು ಕೊಟ್ಟರು.

“ಇದು ಇನ್ನ ನಿಂದು. ಮನಿಗೆ ಒಯ್ಯಿ, ದಿನಾ ತೊಳಕೊಂಡು ತಗೊಂಡು ಬಾ.”

ಇಪ್ಪತ್ತನಾಲ್ಕು ತಾಟು ಇಪ್ಪತ್ತನಾಲ್ಕು ಬಗಲಲ್ಲಿ ಸೇರಿ ಊರೊಳಗೆ ಹೋದವು. ಮಾಸ್ತರರು ಬಾಗಿಲಲ್ಲಿ ನಿಂತು ನೋಡಿದರು.

ಆದರೂ ಆಸೆ ಬಿಟ್ಟಿರಲಿಲ್ಲ. ಬುಧವಾರ ಮಕ್ಕಳು ತಾಟು ತಂದೇ ತರುತ್ತವೆ. ‘ಇಲ್ಲೇ ಬಿಟ್ಟು ಹೋಗ್ರಿ’ ಎಂದರೆ ಮುಗಿಯಿತು. ಬುಧವಾರ ಮಧ್ಯಾಹ್ನ ರೇಣವ್ವ ಸೌಟು ಎತ್ತಿದಾಗ ಅವಳ ಮುಂದೆ ಸಾಲಾಗಿ ಬಂದದ್ದು ಪಾಟಿಗಳು.

“ತಾಟು ಎಲ್ಲ್ಯವಲೇ?”

“ಅವ್ವ ದೇವರ ಜಗಲಿ ಮ್ಯಾಲ ಇಟ್ಟಾಳ್ರಿ. ಸಾಲ್ಯಾಗ ಕಳೀತಾವಂತ.”

“ನಮ್ಮಪ್ಪ ಅದರಾಗ ಉಣ್ಣಾಕತ್ಯಾನ್ರಿ ಸರ್.”

“ನಮ್ಮಕ್ಕ ಅದರಾಗ ಮಾರಿ ನೋಡಿಕೊಂಡು ತಲಿ ಬಾಚ್ಕೊಳಾಕತ್ಯಾಳ್ರಿ.”

ಶುಕ್ರವಾರ ಸಂಜೆಗೆ ಎರಡೇ ದಿನ. ಮಾಸ್ತರರು ಅಂದು ಶಾಲೆ ಬಿಟ್ಟ ಕೂಡಲೇ ಹುಚ್ಚವ್ವನ ಮನೆಗೆ ಹೋದರು. ಕೊಟ್ಟದ್ದನ್ನು ತಿರುಗಿ ಕೇಳುವುದು ಹೇಗೆ? ಇಡೀ ಊರಿನೆದುರು ದಾನವೆಂದು ಚಪ್ಪಾಳೆ ಬಿದ್ದ ವಸ್ತು. ನಿಜ ಹೇಳಿದರೆ ಸಾಹೇಬರ ಮಾನವೂ ಹೋಯಿತು, ತಮ್ಮದೂ ಹೋಯಿತು. ಅವರು ತಲೆಯ ಪಟಗವನ್ನು ಬಿಚ್ಚಿ ಮತ್ತೆ ಸುತ್ತಿದರು. ನೆಲ ನೋಡಿದರು.

“ಹುಚ್ಚವ್ವ, ಆ ತಾಟು... ಒಂದೆರಡು ದಿನದ ಮಟ್ಟಿಗೆ ಮನಿಗೆ ಬೇಕಾಗಿದ್ದುವು.”

“ಯಾಕ್ರಿ ಮಾಸ್ತರ?”

“ಇಂದ್ರಾಬಾಯಿ ತವರಿಗೆ ಹೋಗ್ಯಾಳಲ್ಲ... ಶುಕ್ರವಾರ ಬರ್ತಾಳ. ಆಕಿ ಬರೂದ್ರಾಗ ಬೇಕು. ಎದಕ್ಕಂತ ಕೇಳಬ್ಯಾಡ. ಈಗ ಹೇಳಾಕ ಬರಂಗಿಲ್ಲ. ಯಾರ ಮುಂದೂ ಅನಬ್ಯಾಡ ಮತ್ತ.”

ಹುಚ್ಚವ್ವ ಅವರ ಮುಖವನ್ನು ನೋಡಿದಳು. ಕೆಂಪಾದ ಕಿವಿಗಳನ್ನು ನೋಡಿದಳು. ಸೆರಗಿನ ತುದಿ ಬಾಯಿಗೆ ಹಿಡಿದಳು.

“ಅಯ್ಯ ಶಿವನ! ಖರೆ ಏನ್ರಿ?”

“ಏನು ಖರೆ?”

“ಇರ್ಲಿ ಬಿಡ್ರಿ, ನೀವು ಗಂಡಸ್ರು, ನಿಮ್ಮ ಬಾಯಲೆ ಯಾಕ? ನಾ ಯಾರ ಮುಂದೂ ಅನಂಗಿಲ್ಲ. ನೀವು ಮನಿ ಮನಿ ತಿರಗಬ್ಯಾಡ್ರಿ, ತಾಟು ತಾವಽ ಬರ್ತಾವ. ಖಾಲಿ ತಾಟು ಹಿಂದಕ್ಕ ಕೊಡೂ ಪದ್ಧತಿ ನಮ್ಮಲ್ಲೆ ಇಲ್ಲ.”

ಮಾಸ್ತರರು ಇಷ್ಟು ಸುಲಭವಾಗಿ ಮುಗಿದೀತೆಂದು ಎಣಿಸಿರಲಿಲ್ಲ. ಹಗುರಾಗಿ ಮನೆಗೆ ಬಂದರು.

ಗುರುವಾರ ಬೆಳಗಿನಿಂದ ತಾಟು ಬರತೊಡಗಿದವು. ಹುಚ್ಚವ್ವನ ಮನೆಯ ಮೂರರಲ್ಲಿ ಒಂದರ ತುಂಬ ಹುಳಿಸೊಪ್ಪಿನ ಪುಂಡಿಪಲ್ಯ, ಒಂದರ ತುಂಬ ಸಜ್ಜೆರೊಟ್ಟಿ, ಒಂದರ ತುಂಬ ಹುಣಸೆಹಣ್ಣಿಗೆ ಬೆಲ್ಲ-ಜೀರಿಗೆ ಕುಟ್ಟಿ ಕಡ್ಡಿಗೆ ಸುತ್ತಿದ ಚಿಗಳಿ. ಕುರಿ ಕಾಯುವ ಅಮಸಿದ್ದಪ್ಪನ ಹೆಂಡತಿ ತಾಟಿನ ಮೇಲೆ ಬೋಗುಣಿಯಿಟ್ಟು ಹುಳಿಹುಳಿ ಮಜ್ಜಿಗೆ ತಂದಳು. ದೌಲತಬಿ ಎರಡು ಮನೆ ಆಚೆಯವಳು. ತನ್ನ ಮನೆಯ ಅಡಿಗೆ ಮಾಸ್ತರರ ಮನೆಯಲ್ಲಿ ನಡೆಯದೆಂದು ಗೊತ್ತಿದ್ದ ಆಕೆ ಬೇಯಿಸಿದ್ದು ತರದೆ ಹಸಿ ಶೇಂಗಾ, ಬೆಲ್ಲದ ಅಚ್ಚು, ಬಾರಿಹಣ್ಣು ತುಂಬಿಸಿ ತಂದಿಟ್ಟು, “ಹುಷಾರ್ ನೋಡ್ಕೊಳ್ರಿ ಮಾಸ್ತರ್‍ರ” ಎಂದು ಅಕ್ಕರೆಯಿಂದ ಹೇಳಿ ಹೋದಳು. ನಿಂಬೆಕಾಯಿ ಉಪ್ಪಿನಕಾಯಿ ಬಂತು, ನೆಲ್ಲಿಕಾಯಿ ಬಂತು, ಅಗಸಿ ಹಿಂಡಿ ಬಂತು, ಮಡಿಕೆ ಕಾಳಿನ ಪಲ್ಯ ಬಂತು, ಹುಳಿಗೆ ಬಂದ ತರಕಾರಿಯ ಕರಿಂಡಿ ಬಂತು.

ಬಂದ ಹೆಂಗಸರೆಲ್ಲ ನಗುನಗುತ್ತ ಬರುತ್ತಿದ್ದರು. ಒಬ್ಬರೂ ಯಾಕೆಂದು ಕೇಳಲಿಲ್ಲ. ‘ಇಪ್ಪತ್ತು ವರ್ಷ ಮಕ್ಕಳಿಗೆ ನಾಲ್ಕು ಅಕ್ಷರ ಹೇಳಿದ್ದಕ್ಕೆ ಈ ಊರಿಗೆ ನನ್ನ ಮೇಲೆ ಎಷ್ಟು ಪ್ರೀತಿ!’ ಎಂದು ಮಾಸ್ತರರು ಒಂದೊಂದು ತಾಟನ್ನೂ ಎರಡೂ ಕೈಯಿಂದ ಇಳಿಸಿಕೊಂಡರು. ಊಟವೆಲ್ಲ ಯಾಕೆ ಇಷ್ಟು ಹುಳಿ ಎಂಬ ಪ್ರಶ್ನೆ ಮಾತ್ರ ಒಮ್ಮೆ ತಲೆಯಲ್ಲಿ ಹಾದುಹೋಯಿತು. ಈ ವರ್ಷ ಹುಣಸೆ ಚೆನ್ನಾಗಿ ಬಿಟ್ಟಿರಬೇಕು ಎಂದು ತಮಗೆ ತಾವೇ ಉತ್ತರ ಕೊಟ್ಟುಕೊಂಡರು. ವಿಜ್ಞಾನದ ಪಾಠವನ್ನೂ ಅವರೇ ಮಾಡುತ್ತಿದ್ದರು.

ಶುಕ್ರವಾರ ನಾಲ್ಕು ಗಂಟೆಗೆ ಇಪ್ಪತ್ತನಾಲ್ಕನೆಯ ತಾಟು ಬಂತು. ಎಣಿಸಿದರು: ಎಲ್ಲ ಬಂದಿವೆ! ಇನ್ನು ಖಾಲಿ ಮಾಡಬೇಕು, ತೊಳೆಯಬೇಕು, ಒರೆಸಬೇಕು, ಟ್ರಂಕಿನಲ್ಲಿಡಬೇಕು. ಖಾಲಿ ಮಾಡುವುದಾದರೂ ಯಾವುದಕ್ಕೆ? ಮನೆಯ ಬೋಗುಣಿ, ಗಡಿಗೆ, ಚೆರಿಗೆ ಎಲ್ಲ ತುಂಬಿದವು. ಇನ್ನೂ ಹದಿನೈದು ತಾಟು ತುಂಬಿಯೇ ಇದ್ದವು. ಅನ್ನ ಚೆಲ್ಲುವ ಜಾತಿಯವರಲ್ಲ ಅವರು. ತಿನ್ನತೊಡಗಿದರು. ಒಂದು ಉಪ್ಪಿನಕಾಯಿ, ನಾಲ್ಕು ನೆಲ್ಲಿಕಾಯಿ, ಆರು ಚಿಗಳಿ ಆಗುವಷ್ಟರಲ್ಲಿ ಹಲ್ಲು ಜುಮ್ಮೆಂದು ಬಾಯಿ ಮುಚ್ಚಲೂ ಬಾರದಂತಾಯಿತು. ಆ ಸಂಜೆಯ ಬಸ್ಸು ತನ್ನ ಆಯುಷ್ಯದಲ್ಲಿ ಮೊದಲನೆಯ ಸಲ ಹೇಳಿದ ಹೊತ್ತಿಗೆ ಬಂದಿತು.

ಬಾಗಿಲಿಗೆ ಬಂದು ನೋಡಿದರೆ ಓಣಿಯಲ್ಲಿ ಮೆರವಣಿಗೆ. ನಡುವೆ ಇಂದ್ರಾಬಾಯಿ. ಆಕೆಯ ಕೈಚೀಲ ಒಬ್ಬಳ ತಲೆಯ ಮೇಲೆ, ಗಂಟು ಇನ್ನೊಬ್ಬಳ ಬಗಲಲ್ಲಿ. ಹುಚ್ಚವ್ವ ಆಕೆಯ ರಟ್ಟೆ ಹಿಡಿದು, “ಸಾವಕಾಶ, ಅಕ್ಕಾರ, ಕಲ್ಲು ಐತಿ ಅಲ್ಲಿ... ಸಾವಕಾಶ” ಎನ್ನುತ್ತಿದ್ದಳು. ಹಿಂದೆ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬರುತ್ತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಇಂದ್ರಾಬಾಯಿಯ ಮುಖ ಮಾತ್ರ ತಿಳಿಯುವಂತಿತ್ತು.

“ಮೊದಲನೇದರ ಮ್ಯಾಲ ಇಷ್ಟು ವರ್ಷ ಬಿಟ್ಟು ಆಗೂದು ಕಷ್ಟ ನೋಡ್ರಿ, ಅಕ್ಕಾರ. ಕೊಡಾ ಎತ್ತಬ್ಯಾಡ್ರಿ, ಬೀಸಬ್ಯಾಡ್ರಿ. ಬಯಕಿಗೆ ಎಲ್ಲಾ ಕಳಸೇವಿ, ಚಲೋತ್ನಂಗ ಉಣ್ರಿ” ಎಂದು ಹುಚ್ಚವ್ವ ಹೊಸ್ತಿಲವರೆಗೆ ಬಿಟ್ಟು, ಮಾಸ್ತರರ ಕಡೆ ಮೆಚ್ಚುಗೆಯ ಒಂದು ನೋಟ ಎಸೆದು ಹೋದಳು.

ಮಾಸ್ತರರಿಗೆ ಆಗ ತಿಳಿಯಿತು. ಆ ಊರಿನಲ್ಲಿ ಬಸುರಿಯ ಬಯಕೆಗೆ ಹತ್ತು ಮನೆಯಿಂದ ಹುಳಿ-ಖಾರದ ಊಟ ತಾಟಿನಲ್ಲಿ ಬರುತ್ತದೆ. ಮೊದಲ ಮೂರು ತಿಂಗಳು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಗಂಡ ಕಿವಿ ಕೆಂಪಗೆ ಮಾಡಿಕೊಂಡು ‘ಎದಕ್ಕಂತ ಕೇಳಬ್ಯಾಡ’ ಎಂದರೆ ಸಾಕು. ಅವರು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವೇ ಇರಲಿಲ್ಲ.

ಇಂದ್ರಾಬಾಯಿ ಒಳಗೆ ಬಂದು ಬಾಗಿಲು ಹಾಕಿದಳು. ಅಡಿಗೆಮನೆಯಲ್ಲಿ ಗೋಡೆಯುದ್ದಕ್ಕೂ ಜೋಡಿಸಿದ ತನ್ನ ಹೆಸರನ್ನು ನೋಡಿದಳು. ಒಂದೊಂದಾಗಿ ಎಣಿಸಿದಳು. ಇಪ್ಪತ್ತನಾಲ್ಕೂ ಇದ್ದವು. ಆಮೇಲೆ ಪೀಠದ ಮೇಲೆ ಕೂತಳು.

“ನಾ ಬಸುರಾಗೇನಿ ಅಂತ ನನಗ ಬಸ್‌ಸ್ಟ್ಯಾಂಡಿನ್ಯಾಗ ಗೊತ್ತಾತು. ನಿಮಗ ಯಾವಾಗ ಗೊತ್ತಾತು?”

ಹಲ್ಲು ಜುಮ್ಮೆನ್ನುತ್ತಿದ್ದದ್ದರಿಂದ ಮಾಸ್ತರರ ತಪ್ಪೊಪ್ಪಿಗೆ ನಿಧಾನವಾಗಿ ಹೊರಬಂದಿತು. ಪಾಟಿ, ಬಳಪ, ಸಸಾರಜನಕ, ಸಾಹೇಬರು, ಚಪ್ಪಾಳೆ ಎಲ್ಲ ಬಂದವು. ಇಂದ್ರಾಬಾಯಿ ಒಂದು ತಾಟು ಎತ್ತಿ ತನ್ನ ಹೆಸರಿನ ಮೇಲೆ ಹತ್ತಿದ ಹುಳಿಯನ್ನು ಸೆರಗಿನಿಂದ ಒರೆಸಿದಳು. ಅದು ಅವರಿಗೆ ಇನ್ನೂ ಹೆದರಿಕೆ ತಂದಿತು.

“ನಲವತ್ತೊಂದು ವರ್ಷ ನನಗ. ಎದಿ ಎತ್ತರದ ಮಗಳ ಮದಿವಿ ವೈಶಾಖಕ್ಕ. ಬಾಸಿಂಗ ಕಟ್ಟಿದ ಮಗಳ ಬಾಜೂಕ ಬಸುರಿ ಅವ್ವ ನಿಲ್ಲಬೇಕೇನು? ಇಳಕಲ್ಲಿನ ಬೀಗತಿಗೆ ಏನ ಮಾರಿ ತೋರ್ಸ್ಲಿ?”

“ತಪ್ಪಾತು.”

“ತಪ್ಪು ನನ್ನ ಮುಂದ ಹೇಳಿ ಏನ ಮಾಡ್ತೀರಿ? ನಾಳಿ ಮುಂಜಾನಿ ಇವನ್ನೆಲ್ಲಾ ತಗೊಂಡು ಮನಿ ಮನಿಗೆ ಹೋಗ್ರಿ. ಖಾಲಿ ಒಯ್ಯಬ್ಯಾಡ್ರಿ, ಬದಾಮಿಂದ ಪಲ್ಯಾ ತಂದೇನಿ, ಹಾಕಿ ಕೊಡ್ತೇನಿ. ನಿಮ್ಮ ಬಾಯಲೆ ಹೇಳಿ ಬರ್ರಿ, ಇಂದ್ರಾಬಾಯಿ ಬಸುರಲ್ಲ ಅಂತ.”

ಶನಿವಾರ ಬೆಳಿಗ್ಗೆ ಶಾಲೆ ಬಿಟ್ಟ ಮೇಲೆ ಹೊಳಬಸಪ್ಪನವರು ಬುಟ್ಟಿಯಲ್ಲಿ ತಾಟು ಹೊತ್ತು ಮೊದಲು ಹುಚ್ಚವ್ವನ ಕಟ್ಟೆಗೆ ಹೋದರು. ಉಸಿರು ಬಿಗಿಹಿಡಿದು ಹೇಳಿದರು.

“ಹುಚ್ಚವ್ವ, ನೀವೆಲ್ಲಾ ತಿಳದಂಗ ಏನೂ ಇಲ್ಲ. ನಮ್ಮ ಮನಿಯಾಕಿ ಬಸುರಲ್ಲ.”

“ಹೂನ್ರಿ ಹೂನ್ರಿ” ಎಂದಳು ಹುಚ್ಚವ್ವ ಅನುನಯದಿಂದ. “ಮೂರು ತಿಂಗಳಾಗೂತನಕ ಹಂಗಽ ಅನಬೇಕು. ದೃಷ್ಟಿ ಆಗತೇತಿ. ನಮ್ಮ ಸೊಸಿ ಆರು ತಿಂಗಳಾದ್ರೂ ಅಲ್ಲಂತಿದ್ಲು, ನೋಡ್ರಿ ಆಕಿ ಮಗ ಈಗ ನಿಮ್ಮಲ್ಲೆ ಒಂದನೇ ಇಯತ್ತೆದಾಗ ಅದಾನ.”

“ಹಂಗಲ್ಲ, ಖರೇನ ಅಲ್ಲ! ಆ ತಾಟು ನಾ ಕೇಳಿದ್ದು ಯಾಕಂದ್ರ, ಆಕಿಗೆ ಗೊತ್ತಿಲ್ಲದಂಗ ನಾ ಸಾಲಿಗೆ ತಂದಿದ್ನಿ...”

“ಆಕಿಗೆ ಗೊತ್ತಿಲ್ಲದಂಗ?” ಹುಚ್ಚವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಾಸ್ತರ, ಸುಳ್ಳಾದ್ರೂ ನಂಬೂವಂಥದ್ದು ಹೇಳ್ರಿ. ಇಂದ್ರಾಬಾಯಿಗೆ ಗೊತ್ತಿಲ್ಲದಂಗ ನೀವು ಒಂದು ಚಮಚಾರ ಎತ್ತೀರೇನು?”

ಇಪ್ಪತ್ತೆರಡು ವರ್ಷದ ಸಾಚಾತನ ಮಾಸ್ತರರ ವಿರುದ್ಧವೇ ಸಾಕ್ಷಿ ಹೇಳಿತ್ತು.

ಎಲ್ಲ ಮನೆಗಳಲ್ಲೂ ಇದೇ ಹಾಡು. ಅಲ್ಲಗಳೆದಷ್ಟೂ ಹೆಂಗಸರು ಖಚಿತವಾಗಿ ತಲೆಯಾಡಿಸಿದರು. ಹಿಟ್ಟಿನ ಗಿರಣಿಯ ಪಾಂಡಪ್ಪ ಮಾತ್ರ ಅವರನ್ನು ಪಕ್ಕಕ್ಕೆ ಕರೆದು ಭುಜದ ಮೇಲೆ ಕೈಯಿಟ್ಟು, “ನಾಚಿಕಿ ಏನಲೇ ಮಾಸ್ತರ, ನಾವೇನು ಮುದುಕರಾಗೇವೇನು?” ಎಂದ. ಆ ‘ನಾವು’ ಎಂಬುದು ಮಾಸ್ತರರನ್ನು ಹೆಚ್ಚು ನೋಯಿಸಿತು. ಬದಾಮಿಯ ಪಲ್ಯ ಇಳಿಸಿಕೊಂಡ ಮನೆಗಳೆಲ್ಲ ತಾಟನ್ನು ಖಾಲಿ ಕಳಿಸಬಾರದೆಂದು ಮತ್ತೆ ತುಂಬಿಸಿದವು. ಸಂಜೆ ಮಾಸ್ತರರು ಹೋದದ್ದಕ್ಕಿಂತ ಭಾರವಾದ ಬುಟ್ಟಿ ಹೊತ್ತು ತಿರುಗಿ ಬಂದರು. ಈ ಸಲ ಹುಳಿಯ ಜೊತೆಗೆ ಬಾಣಂತಿಯರು ತಿನ್ನುವ ಅಂಟಿನುಂಡೆಯೂ ಇತ್ತು.

ಇಂದ್ರಾಬಾಯಿ ಬುಟ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಆಕೆಗೆ ನಗು ಬಂದಿತೆಂದು ಮಗಳು ಆಮೇಲೆ ಹೇಳುತ್ತಿದ್ದಳು, ಆಕೆ ಒಪ್ಪುತ್ತಿರಲಿಲ್ಲ.

“ಇವು ಮನಿಯಾಗ ಇದ್ದಷ್ಟು ದಿನ ಊರಿನ ಹುಣಸಿಗಿಡ ಬೋಳಾಗತಾವ” ಎಂದಳು. “ಸೋಮವಾರ ಇವನ್ನ ಸಾಲಿಗೆ ಒಯ್ದಿಡ್ರಿ.”

“ಸಾಲಿಗೆ? ಮದಿವಿಗೆ ಇಟ್ಟ ತಾಟು...”

“ಮದಿವ್ಯಾಗ ಬಾಳಿ ಎಲಿ ಹಾಕಿದ್ರ ಆತು. ಇನ್ನ ದಾನಾ ಕೊಟ್ಟಾಕಿ ಅಂತ ಸಾಹೇಬ ಹೆಸರು ಹೇಳ್ಯಾನ, ಊರು ಕೇಳೇತಿ. ಅದನ್ನೂ ಅಲ್ಲಂತ ಹೇಳಾಕ ನಿಮ್ಮನ್ನ ಕಳಿಸಿದ್ರ, ತಾಟಿನ ಕೂಡ ಟ್ರಂಕೂ ಬಿಟ್ಟು ಬಂದೀರಿ.”

ಸೋಮವಾರದಿಂದ ತಾಟುಗಳು ಶಾಲೆಯ ಕಪಾಟಿನಲ್ಲಿ ಉಳಿದವು. ಮಧ್ಯಾಹ್ನ ಇಂದ್ರಾಬಾಯಿ ತಾನೇ ಹೋಗಿ ಬಡಿಸುವಲ್ಲಿ ನಿಂತಳು. ಮೊದಲ ದಿನವೇ ಬರಿ ಹಳದಿ ಉಪ್ಪಿಟ್ಟನ್ನು ನೋಡಿ ಮೂಗು ಮುರಿದಳು. ಆಕೆಗೆ ಏನಾದರೂ ತಂದುಕೊಡಲು ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸರಿಗೆ, “ಏನ ತಂದ್ರೂ ಇಲ್ಲೇ ಸಾಲ್ಯಾಗ ತರ್ರಿ. ಹುಳಿ ಸಾಕು. ಕಾಳಿನ ಪಲ್ಯಾ, ತೊಪ್ಪಲಪಲ್ಯಾ, ಮೊಸರು ತರ್ರಿ. ನನಗೊಬ್ಬಾಕಿಗೆ ಉಣ್ಣಾಕ ಮನಸ ಬರಂಗಿಲ್ಲ, ಮಕ್ಕಳ ಕೂಡ ಕುಂತ ಉಣ್ತೇನಿ” ಎಂದಳು. ಬಸುರಿ ಹೌದೆಂದು ಆಕೆ ಎಂದೂ ಅನ್ನಲಿಲ್ಲ, ಅಲ್ಲವೆನ್ನುವುದನ್ನೂ ಬಿಟ್ಟಳು. ಬಸುರಿಯ ಬಾಯಿಯಿಂದ ಬಂದ ಮಾತು ತೆಗೆದುಹಾಕುವ ಎದೆ ಯಾವ ಹೆಂಗಸಿಗಿದೆ? ದಿನಕ್ಕೆ ಮೂರು ಮನೆಯಂತೆ ಸರದಿ ಬಿತ್ತು. ಒಂದು ದಿನ ಮಡಿಕೆ ಕಾಳು, ಒಂದು ದಿನ ಮೆಂತೆ ಸೊಪ್ಪು, ಒಂದು ದಿನ ಅಮಸಿದ್ದಪ್ಪನ ಮನೆಯ ಗಟ್ಟಿ ಮೊಸರು. ಎಲುಬಿಗೆ, ಕಣ್ಣಿಗೆ, ರಕ್ತಕ್ಕೆ ಬೇಕೆಂದು ಸಾಹೇಬರು ಹೇಳಿದ್ದೆಲ್ಲ ಆ ಇಪ್ಪತ್ತನಾಲ್ಕು ತಾಟಿಗೆ ಬಂದು ಬಿತ್ತು. ಮಕ್ಕಳ ಗಲ್ಲದ ಮೇಲೆ ಮಾಂಸ ಹತ್ತತೊಡಗಿತು.

ಇಳಕಲ್ಲಿಗೆ ಮಾತ್ರ ಸುದ್ದಿ ಮುಟ್ಟಬಾರದು. ಹಾಗಾಗಿ ಇಂದ್ರಾಬಾಯಿ ಗಂಡನನ್ನು ಕೂಡಿಸಿ ಬೀಗತಿ ಸಿದ್ದಲಿಂಗವ್ವನಿಗೆ ಕಾಗದ ಬರೆಸಿದ್ದಳು: ‘ನಮ್ಮೂರಿನಿಂದ ತಮ್ಮ ಕಿವಿಗೆ ಏನಾದರೂ ಸುದ್ದಿ ಬಿದ್ದರೆ ಅದು ನಿಜವಲ್ಲ.’ ಸಿದ್ದಲಿಂಗವ್ವನ ಕಿವಿಗೆ ಅಲ್ಲಿಯವರೆಗೆ ಏನೂ ಬಿದ್ದಿರಲಿಲ್ಲ. ಆಕೆ ಕಾಗದ ಓದಿಸಿ ಕೇಳಿದ ಮೇಲೆ ವಿಚಾರಿಸಲು ಆಳು ಕಳಿಸಿದಳು. ಆಳು ಬಸ್ಸಿಳಿದು ಕೇಳಿದ್ದು ಹುಚ್ಚವ್ವನನ್ನು.

ಎಂಟು ದಿನಕ್ಕೆ ಇಳಕಲ್ಲಿನಿಂದ ಒಂದು ಗಂಟು ಬಂತು. ಒಳಗೆ ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ, ಒಂದು ಕಾಗದ. ಮಾಸ್ತರರು ಓದಿದರು: ‘ನಾಚಿಕೊಳ್ಳುವ ಕಾರಣವಿಲ್ಲ. ನನ್ನ ಕೊನೆಯ ಮಗ ಹುಟ್ಟಿದಾಗ ನನಗೆ ನಲವತ್ತಮೂರು. ಬೀಗತಿಯವರು ಬಸ್ಸಿನಲ್ಲಿ ಓಡಾಡುವುದು ಬೇಡ. ಭಾರ ಎತ್ತುವುದು, ಬಗ್ಗುವುದು ಬೇಡ. ಮದುವೆಯ ಓಡಾಟವನ್ನೆಲ್ಲ ಬೀಗರೊಬ್ಬರೇ ನೋಡಿಕೊಳ್ಳಲಿ. ಅವರಿಗೂ ತಿಳಿಯಲಿ.’

ಇಂದ್ರಾಬಾಯಿ ಸೀರೆಯ ಮಡಿಕೆ ಬಿಚ್ಚಿದಳು. ಅಂಚನ್ನು ಬೆರಳಿನಿಂದ ಸವರಿದಳು. ಸೆರಗನ್ನು ಹೆಗಲಿಗೆ ಹಿಡಿದು ನೋಡಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಮಾಸ್ತರರು ತಾವಾಗಿ ಸೀರೆ ತಂದದ್ದು ಎರಡು ಸಲ. ಎರಡು ಸಲವೂ ಆಕೆ ಅದನ್ನು ಬದಲಾಯಿಸಿ ತಂದಿದ್ದಳು.

“ಬೀಗತಿ ಶಾಣ್ಯಾಕಿ” ಎಂದಳು. “ಹಿರೇರು ಹೇಳಿದ ಮ್ಯಾಲ ಮೀರಬಾರದು.”

ಮರುದಿನದಿಂದ ಬಾವಿಯ ನೀರು ಹೊತ್ತವರು ಹೊಳಬಸಪ್ಪನವರು. ಜೋಳ ಗಿರಣಿಗೆ ಒಯ್ದವರು ಹೊಳಬಸಪ್ಪನವರು. ಮದುವೆಯ ಬಟ್ಟೆಗೆ ಇಳಕಲ್ಲಿಗೆ ಮೂರು ಸಲ, ಬಂಗಾರಕ್ಕೆ ಬಾಗಲಕೋಟೆಗೆ ಎರಡು ಸಲ, ಲಗ್ನಪತ್ರಿಕೆಗೆ ಹುನಗುಂದಕ್ಕೆ ಒಂದು ಸಲ ಬಸ್ಸಿನಲ್ಲಿ ಎಲುಬು ಸಡಿಲಿಸಿಕೊಂಡು ಬಂದವರೂ ಅವರೇ. ಓಣಿಯ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಅವರನ್ನು ತೋರಿಸಿ, “ಗಂಡ ಅಂದ್ರ ಹಿಂಗಿರಬೇಕು” ಎನ್ನುತ್ತಿದ್ದರು. ಪಾಂಡಪ್ಪ ಅವರ ಜೊತೆ ಮಾತು ಬಿಟ್ಟ.

ಮಾಘದ ಒಂದು ಮುಂಜಾನೆ ಐದನೆಯ ಕೊಡ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ ಮಾಸ್ತರರು, ಹಸಿರು ಸೀರೆ ಉಟ್ಟು ಕಟ್ಟೆಯ ಮೇಲೆ ಕಾಲು ಚಾಚಿ ಬಾರಿಹಣ್ಣು ತಿನ್ನುತ್ತಿದ್ದ ಹೆಂಡತಿಯ ಹತ್ತಿರ ಬಂದು ದನಿ ಇಳಿಸಿ ಕೇಳಿದರು.

“ಇಂದ್ರಾ, ಇದು ಎಲ್ಲೀತನಕ?”

ಇಂದ್ರಾಬಾಯಿ ಅವಸರ ಮಾಡಲಿಲ್ಲ. ಬೀಜ ಉಗುಳಿ, ಬೆರಳು ಮಡಿಚಿ ಎಣಿಸಿದಳು: ಮಾಘ, ಫಾಲ್ಗುಣ, ಚೈತ್ರ, ವೈಶಾಖ...

“ಶ್ರಾವಣಕ್ಕ ಮುಗೀತೇತಿ” ಎಂದಳು. “ಆಮ್ಯಾಲ ಬಾಣಂತನ.”